ಚಲೋ ನಡೆಯೋ ಕಂಪ್ಯೂಟರ್ ಮೂಲಿಗೆ ಯಾಕ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಡಿಟಿಪಿ ಅಂಗಡಿ ನಡೆಸೋರಿಗೆ ಕಂಪ್ಯೂಟರ್ ಅಂದ್ರ ವಿಂಡೋಸ್, ಅಷ್ಟ. ಎಕ್ಸ್‌ಪಿ ಮ್ಯಾಲ ಕಲಿತರು, 7ರ ಮ್ಯಾಲ ಲಗ್ನಪತ್ರಿಕೆ ಮಾಡಿದರು. 2015ರಲ್ಲಿ 10 ಪುಕ್ಕಟೆ ಸಿಕ್ಕಿತು. ಇದೇ ಕೊನೆಯ ವಿಂಡೋಸ್ ಅಂತ ಮೈಕ್ರೋಸಾಫ್ಟಿನ ಉದ್ಯೋಗಿಯೊಬ್ಬರೇ ಆಗ ಹೇಳಿದ್ದರು. 2021ಕ್ಕೆ 11 ಬಂತು!

11ಕ್ಕೆ ಟಿಪಿಎಂ 2.0 ಬೇಕು. ಗುಪ್ತ ಕೀಲಿಗಳನ್ನು ಕಾಯೋ ಭದ್ರತಾ ಚಿಪ್ ಅದು; ಉದ್ದೇಶ ತಪ್ಪಲ್ಲ ಬಿಡ್ರಿ. ತಕರಾರು ಪ್ರೊಸೆಸರ್ ಪಟ್ಟಿಯದು. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯವು ಬಹುತೇಕ ಹೊರಗೆ. 7ನೇ ತಲೆಮಾರಿನ ಐ5ಗೆ 16 ಜಿಬಿ ರ‍್ಯಾಮ್ ಇದ್ದರೂ, ಟಿಪಿಎಂ ಇದ್ದರೂ ಜಾಗ ಇಲ್ಲ.

2025ರ ಅಕ್ಟೋಬರ್ 14ಕ್ಕೆ 10ರ ಬೆಂಬಲ ನಿಂತಿತು. ಮಷೀನ್ ಬಂದ್ ಆಗೋದಿಲ್ಲ. ಹೊಸ ತೂತಿಗೆ ತೇಪೆ ಬರೋದಿಲ್ಲ. ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್ ಬೇಕಂದ್ರ ಮೈಕ್ರೋಸಾಫ್ಟ್ ಖಾತೆ ಬೇಕು.

ಲಿನಕ್ಸ್ ಹಾಕ್ರಿ ಅಂತ ನಾವು ಸಲೀಸಾಗಿ ಹೇಳ್ತೀವಿ. ಆದರೆ ಅಂಗಡಿಯ ಹಳೆ ಫೈಲುಗಳೆಲ್ಲ ಪೇಜ್‌ಮೇಕರ್‌ನಾಗ, ನುಡಿಯ ಹಳೆ ಫಾಂಟಿನಾಗ ಇರ್ತಾವ. ಆ ಫಾಂಟುಗಳು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಾಗ ಕನ್ನಡ ಅಕ್ಷರದ ಚೂರುಗಳನ್ನ ಕೂರಿಸಿರ್ತಾರ. ಫಾಂಟ್ ಇಲ್ಲದ ಕಡೆ ತೆರೆದರೆ ವಧುವಿನ ಹೆಸರೂ ಗೊತ್ತಾಗಂಗಿಲ್ಲ. ಪೇಜ್‌ಮೇಕರ್ ಅಂತೂ ಲಿನಕ್ಸಿಗೆ ಬಂದೇ ಇಲ್ಲ. ಹಂಗಾಗಿ ಸಿಟ್ಟಿದ್ದರೂ ಬಿಡಾಕ ಆಗವಲ್ದು.

ಬಿಡೋದಾದರೆ ಮೊದಲು ಪಠ್ಯವನ್ನ ಪರಿವರ್ತಕದಿಂದ ಯೂನಿಕೋಡಿಗೆ ತಂದಿಟ್ಟುಕೊಳ್ಳಬೇಕು. ಒತ್ತಕ್ಷರ ಒಮ್ಮೊಮ್ಮೆ ತಪ್ಪಿರ್ತಾವ, ನೋಡಿ ತಿದ್ದಬೇಕು. ಪುಟದ ವಿನ್ಯಾಸ ಮಾತ್ರ ಹೊಸದಾಗೇ ಮಾಡಬೇಕಾಗ್ತದ.