ವೇಗಕ್ಕಿಂತ ಮೊದಲು ವಿಶ್ವಾಸ
ಪುಟದಲ್ಲಿ ಒಂದು ಪದ ಮತ್ತೆ ಬಂದಾಗ ‘ಇಷ್ಟು ಹಿಂದೆ ಇದೆ, ಇಷ್ಟು ಉದ್ದ’ ಎಂದು ಸೂಚಿಸಿದರೆ ಸಾಕು. ಲೆಂಪೆಲ್ ಮತ್ತು ಝಿವ್ 1977ರಲ್ಲಿ ಪ್ರಕಟಿಸಿದ ಈ ಉಪಾಯವೇ ಜಿಪ್ ಕಡತಗಳ ತಳಹದಿ. ಆದರೆ ಹಿಂದಿನ 32 ಕಿಲೋಬೈಟುಗಳಲ್ಲಿ ಅತಿ ಉದ್ದದ ಹೋಲಿಕೆಯನ್ನು ಹುಡುಕುವುದಕ್ಕೇ ಹೆಚ್ಚು ಸಮಯ ಬೇಕು. ಆದ್ದರಿಂದ ಝಡ್‌ಲಿಬ್ ತಂತ್ರಾಂಶದೊಡನೆ, ಬೈಟುಗಳನ್ನು ಒಂದೊಂದಾಗಿ ಅಲ್ಲದೆ ಎಂಟೆಂಟಾಗಿ ಹೋಲಿಸುವ ಅಸೆಂಬ್ಲಿ ಭಾಷೆಯ ತುಣುಕುಗಳೂ ದೊರೆಯುತ್ತಿದ್ದವು.

ಅಂಥ ಜಾಣ್ಮೆಗೆ ನಾನೂ ಮಾರುಹೋದವನೇ. ದೋಷಗಳು ಕಂಡುಬಂದ ಆ ಹಳೆಯ ತುಣುಕುಗಳನ್ನು 2022ರಲ್ಲಿ ತೆಗೆದುಹಾಕಿದಾಗ ಮೊದಲು ಬೇಸರವಾಯಿತು. ಯೋಚಿಸಿದಾಗ ಅದೇ ಸರಿಯೆನಿಸಿತು. ಪ್ರೊಸೆಸರಿನ ಬಗೆ ಬದಲಾದಾಗಲೆಲ್ಲ ಮತ್ತೆ ಬರೆಯಬೇಕಾದ, ಕೆಲವರಷ್ಟೇ ಓದಬಲ್ಲ ಸಾಲುಗಳನ್ನು ಯಾರು ಪರಿಶೀಲಿಸಬೇಕು? ಕುಗ್ಗಿಸಿದ್ದು ಯಥಾವತ್ತಾಗಿ ಹಿಗ್ಗಬೇಕು. ವೇಗದ ಮಾತು ಆಮೇಲಿನದು.