ಒತ್ತಡದ ಹಾರ್ಮೋನು: ಮರೆವು ಮತ್ತು ಭಯ

ಮನಸ್ಸಿನ ನೆಮ್ಮದಿಗೂ ನೆನಪಿನ ಶಕ್ತಿಗೂ ನಿಕಟ ಸಂಬಂಧವಿದೆ ಎಂಬುದು ಎಲ್ಲರ ಅನುಭವಕ್ಕೂ ಬಂದ ಸಂಗತಿ. ಚೆನ್ನಾಗಿ ಓದಿದ ಪಾಠವೂ ಪರೀಕ್ಷಾ ಕೊಠಡಿಯಲ್ಲಿ ನೆನಪಿಗೆ ಬಾರದಿರುವುದು ಇದಕ್ಕೊಂದು ನಿದರ್ಶನ. ಈ ಸಂಬಂಧಕ್ಕೆ ಕಾರಣವಾದ ರಾಸಾಯನಿಕಗಳಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಪ್ರಮುಖವಾದುದು.

ಆತಂಕ ಎದುರಾದಾಗ ಮೆದುಳಿನ ಹೈಪೊಥಲಾಮಸ್ ಭಾಗವು ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ. ಅಲ್ಲಿಂದ ಹೊರಟ ಹಾರ್ಮೋನು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ತಲುಪಿದಾಗ ಕಾರ್ಟಿಸಾಲ್ ಸ್ರವಿಸುತ್ತದೆ. ರಕ್ತದ ಮೂಲಕ ಅದು ಪುನಃ ಮೆದುಳನ್ನು ಸೇರುತ್ತದೆ. ಇಂತಹ ಹಾರ್ಮೋನು ಇಲಿಯ ಮೆದುಳಿನ ಹಿಪ್ಪೊಕ್ಯಾಂಪಸ್‌ನಲ್ಲಿ ಹೆಚ್ಚಾಗಿ ಬಂಧಿತವಾಗುವುದನ್ನು ಅಮೆರಿಕದ ಬ್ರೂಸ್ ಮೆಕ್‌ಯುವೆನ್ ಮತ್ತು ಸಂಗಡಿಗರು 1968ರಲ್ಲಿ ತೋರಿಸಿಕೊಟ್ಟರು. ಹೊಸ ಅನುಭವಗಳನ್ನು ಸ್ಥಿರವಾದ ನೆನಪುಗಳನ್ನಾಗಿಸುವುದು ಹಿಪ್ಪೊಕ್ಯಾಂಪಸ್‌ನ ಕಾರ್ಯ. ಅದರ ಸಮೀಪದಲ್ಲಿರುವ ಅಮಿಗ್ಡಲಾ ಭಾಗವು ಭಯವನ್ನು ಗುರುತಿಸಿ ಕಲಿಯುತ್ತದೆ.

ಅಲ್ಪಕಾಲದ ಒತ್ತಡ ಹಾನಿಕರವಲ್ಲ. ಅಪಾಯದ ಘಟನೆಯೊಂದು ಮನದಲ್ಲಿ ಅಚ್ಚಳಿಯದೆ ಉಳಿಯಲು ಅದು ನೆರವಾಗುತ್ತದೆ. ದೀರ್ಘಕಾಲದ ಒತ್ತಡದ ಪರಿಣಾಮವೇ ಬೇರೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು 10 ದಿನಗಳ ಕಾಲ, ದಿನಕ್ಕೆ 2 ಗಂಟೆ, ಅಲುಗಾಡದಂತೆ ನಿರ್ಬಂಧಿಸಿ ಅಧ್ಯಯನ ನಡೆಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದ್ದವು. ಅಮಿಗ್ಡಲಾದಲ್ಲಿ ಅವು ಬೆಳೆದಿದ್ದವು. ಒಂದೇ ಒತ್ತಡ ನೆನಪಿನ ನೆಲೆಯನ್ನು ಕುಗ್ಗಿಸಿ ಭಯದ ನೆಲೆಯನ್ನು ಹಿಗ್ಗಿಸಿತ್ತು.

2004ರಲ್ಲಿ ಪ್ರಕಟವಾದ ಅದೇ ತಂಡದ ಅಧ್ಯಯನ ಇನ್ನಷ್ಟು ಗಮನಾರ್ಹ. 21 ದಿನಗಳ ಒತ್ತಡರಹಿತ ವಿಶ್ರಾಂತಿಯ ಬಳಿಕ ಹಿಪ್ಪೊಕ್ಯಾಂಪಸ್‌ನ ಕವಲುಗಳು ಚೇತರಿಸಿಕೊಂಡವು. ಆದರೆ ಅಮಿಗ್ಡಲಾದ ಬೆಳವಣಿಗೆಯೂ ಇಲಿಗಳ ಆತಂಕವೂ ಹಾಗೆಯೇ ಉಳಿದವು.

ಇಲಿಗಳಲ್ಲಿ ಕಂಡುದನ್ನು ಮನುಷ್ಯರಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಕಾರ್ಟಿಸಾಲ್ ಮಿತಿಮೀರುವ ಕುಷಿಂಗ್ ಕಾಯಿಲೆಯವರಲ್ಲಿ ಚಿಕಿತ್ಸೆಯಿಂದ ಆ ಹಾರ್ಮೋನು ಇಳಿದಾಗ ಹಿಪ್ಪೊಕ್ಯಾಂಪಸ್‌ನ ಗಾತ್ರ ಹೆಚ್ಚಿದುದು 1999ರಲ್ಲಿ ವರದಿಯಾಗಿದೆ. ಖಿನ್ನತೆಯುಳ್ಳ ಹಲವರಲ್ಲಿಯೂ ಕಾರ್ಟಿಸಾಲ್ ಅಧಿಕವಾಗಿರುವುದುಂಟು. ಆದರೆ ಖಿನ್ನತೆಗೆ ಅದೊಂದೇ ಕಾರಣವಲ್ಲ.

ದೀರ್ಘಕಾಲ ನೊಂದವರ ಮರೆವನ್ನು ಅಲಕ್ಷ್ಯವೆಂದೂ, ಕಷ್ಟ ಕಳೆದ ಮೇಲೂ ಉಳಿಯುವ ಅಂಜಿಕೆಯನ್ನು ಮನೋದೌರ್ಬಲ್ಯವೆಂದೂ ಹಳಿಯುವುದು ನಮ್ಮಲ್ಲಿ ರೂಢಿ. ಎರಡಕ್ಕೂ ದೇಹದಲ್ಲಿಯೇ ಬೇರುಗಳಿರಬಹುದೆಂಬುದನ್ನು ಈ ಸಂಶೋಧನೆಗಳು ಸೂಚಿಸುತ್ತವೆ. ವಿಶ್ರಾಂತಿಯಿಂದ ನೆನಪು ಮರಳಿದರೂ ಭಯ ತಾನಾಗಿಯೇ ತೊಲಗದಿರಬಹುದು. ಅಂತಹವರಿಗೆ ಬೇಕಾದುದು ಬುದ್ಧಿಮಾತಲ್ಲ. ಸಕಾಲಿಕ ಚಿಕಿತ್ಸೆ ಮತ್ತು ಸುತ್ತಲಿನವರ ಸಹನೆ.