ಸಂಶೋಧನೆಯ ತೂಕ

ವಿಜ್ಞಾನಿಯು ಕಂಡುಹಿಡಿದ ಸತ್ಯವು ಅವನ ಪ್ರಯೋಗಶಾಲೆಯಲ್ಲಿಯೇ ಉಳಿದರೆ ಲೋಕಕ್ಕೆ ಪ್ರಯೋಜನವಿಲ್ಲ. ಅದನ್ನು ಅವನು ಲೇಖನರೂಪದಲ್ಲಿ ಪ್ರಕಟಿಸಬೇಕು; ಇತರರು ಅದನ್ನು ಓದಿ, ಪರೀಕ್ಷಿಸಿ, ತಮ್ಮ ಕೆಲಸಕ್ಕೆ ಆಧಾರವಾಗಿ ಬಳಸಿಕೊಳ್ಳಬೇಕು. ಹಾಗೆ ಬಳಸಿಕೊಂಡವರು ತಮ್ಮ ಲೇಖನದಲ್ಲಿ ಮೂಲ ಲೇಖನವನ್ನು ಹೆಸರಿಸುವುದು ವಾಡಿಕೆ. ಇದಕ್ಕೆ ‘ಉಲ್ಲೇಖ’ವೆಂದು ಹೆಸರು. ಒಂದು ಲೇಖನಕ್ಕೆ ಎಷ್ಟು ಉಲ್ಲೇಖಗಳು ದೊರೆತಿವೆ ಎಂಬುದರಿಂದ ಅದರ ಪ್ರಭಾವವನ್ನು ಅಳೆಯುವ ಪದ್ಧತಿ ಇಂದು ರೂಢಿಯಲ್ಲಿದೆ. ಈ ಅಳತೆಯ ಬೆಲೆಯನ್ನೂ ಮಿತಿಯನ್ನೂ ಅರಿಯಲು ಬಂಗಾಳದ ವೈದ್ಯವಿಜ್ಞಾನಿ ಶಂಭುನಾಥ ಡೇ ಅವರ ಜೀವನವು ಒಳ್ಳೆಯ ನಿದರ್ಶನ.

ಡೇ ಅವರು 1915ರಲ್ಲಿ ಹೂಗ್ಲಿ ಜಿಲ್ಲೆಯಲ್ಲಿ ಜನಿಸಿದರು. ಕಲ್ಕತ್ತೆಯಲ್ಲಿ ವೈದ್ಯಶಿಕ್ಷಣವನ್ನು ಮುಗಿಸಿ, 1949ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಪಿಎಚ್.ಡಿ. ಪದವಿಯನ್ನು ಪಡೆದು ಸ್ವದೇಶಕ್ಕೆ ಮರಳಿದರು. ಆಗ ಬಂಗಾಳದಲ್ಲಿ ಕಾಲರಾ ರೋಗವು ಮನೆಮನೆಗಳನ್ನು ಬರಿದುಮಾಡುತ್ತಿತ್ತು. ಬೆಳಗ್ಗೆ ಗಟ್ಟಿಮುಟ್ಟಾಗಿದ್ದವನು ವಾಂತಿಭೇದಿಯಿಂದ ದೇಹದ ನೀರನ್ನೆಲ್ಲ ಕಳೆದುಕೊಂಡು ಸಂಜೆಯೊಳಗೆ ಸಾಯುವುದುಂಟು. ಈ ರೋಗದ ಜೀವಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಯಲ್ಲಿಯೇ ಗುರುತಿಸಿದ್ದನು. ಆದರೆ ಆ ಜೀವಾಣು ಮನುಷ್ಯನನ್ನು ಕೊಲ್ಲುವುದು ಹೇಗೆ ಎಂಬುದು ಮುಕ್ಕಾಲು ಶತಮಾನದವರೆಗೂ ಒಗಟಾಗಿಯೇ ಉಳಿಯಿತು.

ಡೇ ಅವರ ಪ್ರಯೋಗವು ಅತ್ಯಂತ ಸರಳವಾಗಿತ್ತು. ಅವರು ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಅದರೊಳಕ್ಕೆ ಕಾಲರಾ ಜೀವಾಣುಗಳನ್ನು ಸೇರಿಸಿದರು. ಕರುಳಿನ ಆ ಭಾಗದಲ್ಲಿ ದ್ರವವು ತುಂಬಿಕೊಂಡಿತು. ಈ ವಿಧಾನವನ್ನು ಅವರು ತಮ್ಮ ಸಹೋದ್ಯೋಗಿಯೊಡನೆ 1953ರಲ್ಲಿ ಪ್ರಕಟಿಸಿದರು. ಬಳಿಕ ಜೀವಾಣುಗಳನ್ನು ಬೆಳೆಸಿದ ದ್ರವವನ್ನು, ಒಂದು ಜೀವಾಣುವೂ ಉಳಿಯದಂತೆ ಸೋಸಿ ಪ್ರಯೋಗಿಸಿದರು. ಪರಿಣಾಮವು ಹಾಗೆಯೇ ಇತ್ತು! ಜೀವಾಣು ಹೊರಸೂಸುವ ವಿಷವೇ ಕರುಳಿನಿಂದ ನೀರನ್ನು ಹರಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಈ ಲೇಖನವು 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಆದರೆ ಆರಂಭದಲ್ಲಿ ಅದನ್ನು ಗಮನಿಸಿದವರು ವಿರಳ. 1969ರಲ್ಲಿ ಅಮೆರಿಕದ ವಿಜ್ಞಾನಿಗಳು ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದರ ಕ್ರಿಯೆಯ ಅಧ್ಯಯನವು ಬೆಳೆದಂತೆ ಡೇ ಅವರ ಲೇಖನದ ಮಹತ್ವವು ಬೆಳಕಿಗೆ ಬಂದಿತು. 1978ರಲ್ಲಿ ಸ್ಟಾಕ್‌ಹೋಮಿನ ನೊಬೆಲ್ ವಿಚಾರಗೋಷ್ಠಿಗೆ ಅವರಿಗೆ ಆಹ್ವಾನ ದೊರೆಯಿತು. ಆಗ ಅವರು ಸೇವೆಯಿಂದ ನಿವೃತ್ತರಾಗಿ 5 ವರ್ಷಗಳು ಕಳೆದಿದ್ದವು. 1985ರಲ್ಲಿ ಅವರು ತೀರಿಕೊಂಡರು.

ಉಲ್ಲೇಖಗಳನ್ನು ಕ್ರಮವಾಗಿ ಎಣಿಸುವ ಸೂಚಿಯನ್ನು 1964ರಲ್ಲಿ ಹೊರತಂದವನು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಕಾಲರಾ ಸಂಶೋಧನೆಯ ಲೇಖನಗಳ ಪರಸ್ಪರ ಸಂಬಂಧವನ್ನು ಈ ಸೂಚಿಯ ನೆರವಿನಿಂದ ಪರಿಶೀಲಿಸಿ, ಡೇ ಅವರ ಕೊಡುಗೆಯ ಹಿರಿಮೆಯನ್ನು 1986ರಲ್ಲಿ ಆತನು ವಿವರಿಸಿದನು. 1990ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯೂ ಅವರನ್ನು ಸ್ಮರಿಸಿ ಲೇಖನಗಳನ್ನು ಪ್ರಕಟಿಸಿತು. ಮರೆತುಹೋದ ಸಾಧನೆಯನ್ನು ಎತ್ತಿ ತೋರಿಸುವ ಶಕ್ತಿ ಉಲ್ಲೇಖಗಳ ಎಣಿಕೆಗೆ ಉಂಟೆಂಬುದಕ್ಕೆ ಇದೇ ಸಾಕ್ಷಿ.

ಆದರೂ ಈ ಅಳತೆಯು ಪರಿಪೂರ್ಣವಲ್ಲ. ತಪ್ಪೆಂದು ಖಂಡಿಸಲು ಹೆಸರಿಸಿದರೂ ಅದು ಉಲ್ಲೇಖವೇ; ತನ್ನ ಲೇಖನವನ್ನು ತಾನೇ ಹೆಸರಿಸಿಕೊಂಡರೂ ಉಲ್ಲೇಖವೇ. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹರ್ಷ್ ‘ಎಚ್ ಸೂಚ್ಯಂಕ’ವೆಂಬ ಮತ್ತೊಂದು ಮಾನವನ್ನು ಸೂಚಿಸಿದನು. ಒಬ್ಬ ವಿಜ್ಞಾನಿಯ ಲೇಖನಗಳಲ್ಲಿ ಹೆಚ್ಚೆಂದರೆ 20ಕ್ಕೆ, ಪ್ರತಿಯೊಂದಕ್ಕೂ ಕನಿಷ್ಠ 20 ಉಲ್ಲೇಖಗಳು ದೊರೆತಿದ್ದರೆ, ಅವನ ಸೂಚ್ಯಂಕ 20. ಈ ಲೆಕ್ಕದಂತೆ ಮೂರೇ ಲೇಖನಗಳನ್ನು ಬರೆದವನ ಸೂಚ್ಯಂಕವು, ಆ ಲೇಖನಗಳು ಲೋಕವನ್ನೇ ಬದಲಿಸಿದರೂ, ಮೂರನ್ನು ಮೀರಲಾರದು. 1960ರಲ್ಲಿ ಯಾರಾದರೂ ಉಲ್ಲೇಖಗಳನ್ನು ಮಾತ್ರ ಎಣಿಸಿ ಡೇ ಅವರಿಗೆ ಬೆಲೆ ಕಟ್ಟಿದ್ದರೆ ಅದು ಎಷ್ಟು ಅನ್ಯಾಯವಾಗುತ್ತಿತ್ತು!

ಕಾಲರಾ ವಿಷವು ಕರುಳಿನ ಒಳಪೊರೆಯನ್ನು ನಾಶಮಾಡುವುದಿಲ್ಲವೆಂದೂ, ಸಕ್ಕರೆ ಮತ್ತು ಉಪ್ಪು ಬೆರೆತ ನೀರನ್ನು ಅದು ಆಗಲೂ ಹೀರಬಲ್ಲುದೆಂದೂ ಇತರ ವಿಜ್ಞಾನಿಗಳು ಕಂಡುಕೊಂಡರು. 1971ರಲ್ಲಿ ಬಂಗಾಳದ ಬನಗಾಂವ್‌ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಾಬಿಸ್ ಅವರು ಈ ದ್ರಾವಣವನ್ನು ರೋಗಿಗಳಿಗೆ ಕುಡಿಸಿದಾಗ, ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಹೀಗೆ ಬದುಕಿ ಉಳಿದವರ ಹೆಸರುಗಳು ಯಾವ ಉಲ್ಲೇಖಸೂಚಿಯಲ್ಲಿಯೂ ದಾಖಲಾಗುವುದಿಲ್ಲ. ಎಣಿಕೆಯು ಸಂಶೋಧನೆಯ ಮಹತ್ವವನ್ನು ತೋರುವ ಒಂದು ಗುರುತು ಮಾತ್ರ; ಅದರ ನಿಜವಾದ ತೂಕವನ್ನು ತಿಳಿಯಲು ಲೇಖನವನ್ನು ಓದಬೇಕು, ಅದರಿಂದ ಜನರಿಗಾದ ಹಿತವನ್ನು ನೋಡಬೇಕು.